ಹಸನ್ ತಮ್ಮನಲ್ಲದಿದ್ದರೆ ಅಮೀರ್ ಕಾಬೂಲಿಗೆ ಹೋಗುತ್ತಿದ್ದನೇ?

ಪ್ರಶ್ನೆ — ಸಂಜೆಯ ಓದು

ನಮ್ಮ ಓದುಗರ ಬಳಗದಲ್ಲಿ ಕಳೆದ ವಾರ ಖಾಲಿದ್ ಹೊಸೇನಿಯವರ ‘ದ ಕೈಟ್ ರನ್ನರ್’ ಕಾದಂಬರಿಯ ಮೇಲೆ ಚರ್ಚೆ ನಡೆಯಿತು. 2003ರಲ್ಲಿ ಪ್ರಕಟವಾದ ಈ ಕೃತಿಯನ್ನು ಬಹುತೇಕರು ಬಾಲ್ಯದ ಗೆಳೆಯನಿಗೆ ಬಗೆದ ದ್ರೋಹ ಮತ್ತು ಅದಕ್ಕೆ ಮಾಡಿಕೊಂಡ ಪ್ರಾಯಶ್ಚಿತ್ತದ ಕಥೆಯೆಂದು ಓದಿದ್ದರು. ದ್ರೋಹದ ವಿಷಯದಲ್ಲಿ ಯಾರಿಗೂ ತಕರಾರಿರಲಿಲ್ಲ. ಪ್ರಾಯಶ್ಚಿತ್ತದ ವಿಷಯದಲ್ಲಿ ಮಾತ್ರ ನನಗೊಂದು ಸಂದೇಹ ಉಳಿದಿದೆ. ಕೃತಿಯನ್ನು ಆಳವಾಗಿ ಓದಿದವರು ಇದ್ದರೆ ದಯವಿಟ್ಟು ಉತ್ತರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಓದಿ ಬಹಳ ದಿನವಾದವರಿಗೆ ನೆನಪಿಗಾಗಿ ಇಷ್ಟು. ಅಮೀರ್ ಕಾಬೂಲಿನ ಸಿರಿವಂತ ಪಶ್ತೂನ್ ಮನೆಯ ಹುಡುಗ. ಹಸನ್ ಅದೇ ಮನೆಯ ಆಳು ಅಲಿಯ ಮಗ, ಪಶ್ತೂನರು ಕೀಳಾಗಿ ಕಾಣುತ್ತಿದ್ದ ಹಜಾರಾ ಜನಾಂಗದವನು. ಇಬ್ಬರೂ ಒಬ್ಬಳೇ ದಾದಿಯ ಹಾಲು ಕುಡಿದು, ಒಂದೇ ಅಂಗಳದಲ್ಲಿ ಬೆಳೆದವರು. 1975ರ ಚಳಿಗಾಲದ ಗಾಳಿಪಟದ ಪಂದ್ಯದಲ್ಲಿ ಅಮೀರ್ ಗೆದ್ದ ದಿನ, ದಾರ ಕಡಿದು ಬಿದ್ದ ನೀಲಿ ಗಾಳಿಪಟವನ್ನು ಗೆಳೆಯನಿಗಾಗಿ ಹಿಡಿದು ತರಲು ಓಡಿದ ಹಸನ್ ಓಣಿಯೊಂದರಲ್ಲಿ ಆಸೆಫ್ ಎಂಬ ಪುಂಡನ ಕೈಗೆ ಸಿಕ್ಕಿ ಹೇಯವಾದ ದೌರ್ಜನ್ಯಕ್ಕೆ ಒಳಗಾಗುತ್ತಾನೆ. ಅಮೀರ್ ಮರೆಯಲ್ಲಿ ನಿಂತು ಎಲ್ಲವನ್ನೂ ಕಂಡು, ತುಟಿಪಿಟಿಕ್ಕೆನ್ನದೆ ಓಡಿಹೋಗುತ್ತಾನೆ. ಆ ಗಳಿಗೆಯಲ್ಲಿ ಅವನ ಮನಸ್ಸು ತನಗೆ ತಾನೇ ಕೊಟ್ಟುಕೊಂಡ ಸಮಾಧಾನವೆಂದರೆ, ಎಷ್ಟೆಂದರೂ ಹಸನ್ ಒಬ್ಬ ಹಜಾರಾ ತಾನೇ ಎಂಬುದು.

ಈಗ 2001ಕ್ಕೆ ಬನ್ನಿ. ಅಮೀರ್ ಅಮೆರಿಕದಲ್ಲಿ ಲೇಖಕನಾಗಿ ನೆಲೆಸಿದ್ದಾನೆ. ತಂದೆಯ ಗೆಳೆಯ ರಹೀಮ್ ಖಾನ್ ಅವನನ್ನು ಪೇಶಾವರಕ್ಕೆ ಕರೆಸಿಕೊಂಡು, ಹಸನ್ ಮತ್ತು ಅವನ ಹೆಂಡತಿಯನ್ನು ತಾಲಿಬಾನಿನವರು ಕೊಂದ ಸಂಗತಿಯನ್ನು ತಿಳಿಸಿ, ಕಾಬೂಲಿನ ಅನಾಥಾಲಯದಲ್ಲಿರುವ ಅವರ ಮಗ ಸೊಹ್ರಾಬನನ್ನು ಕರೆತರಬೇಕೆಂದು ಕೇಳುತ್ತಾನೆ. ಅಮೀರ್ ಒಪ್ಪುವುದಿಲ್ಲ, ಹಣ ಬೇಕಾದರೆ ಕೊಡುತ್ತೇನೆ, ಬೇರೆ ಯಾರನ್ನಾದರೂ ಕಳುಹಿಸಿ ಎನ್ನುತ್ತಾನೆ. ಆಗ ರಹೀಮ್ ಖಾನ್ ಅಷ್ಟು ವರ್ಷ ಮುಚ್ಚಿಟ್ಟಿದ್ದ ಗುಟ್ಟನ್ನು ಬಿಚ್ಚಿಡುತ್ತಾನೆ: ಹಸನ್ ಅಲಿಯ ಮಗನಲ್ಲ, ಅಮೀರನ ತಂದೆ ಬಾಬಾನಿಗೇ ಹುಟ್ಟಿದವನು. ಸಿಟ್ಟಿನಿಂದ ಎದ್ದುಹೋದ ಅಮೀರ್ ಮರಳಿ ಬಂದು ಹೋಗಲು ಒಪ್ಪುವುದು ಇದಾದ ಮೇಲೆಯೇ.

ನನ್ನ ಸಂದೇಹ ಇಲ್ಲಿದೆ. ಓಣಿಯಲ್ಲಿ ಹಸನನನ್ನು ಕೈಬಿಡಲು ಹುಟ್ಟು ಒಂದು ನೆಪವಾಯಿತು. ಪೇಶಾವರದಲ್ಲಿ ಅವನ ಮಗನನ್ನು ಉಳಿಸಲು ಮತ್ತೆ ಹುಟ್ಟೇ ಕಾರಣವಾಯಿತು. ಗೆಳೆಯನಾಗಿ ಸಲ್ಲದವನು ತಮ್ಮನಾಗಿ ಸಂದನು ಎಂದಾದರೆ ಅಮೀರ್ ಬದಲಾಗಿದ್ದಾನೆಂದು ಹೇಳುವುದು ಹೇಗೆ? ಸೊಹ್ರಾಬ್ ಬರೀ ಆಳಿನ ಮೊಮ್ಮಗನಾಗಿದ್ದಿದ್ದರೆ ಅವನು ಅನಾಥಾಲಯದಲ್ಲೇ ಉಳಿಯುತ್ತಿದ್ದನೇ?

ಉತ್ತರ — ಎರಡನೇ ಓದು

ತಾವು ಎತ್ತಿರುವ ಸಂದೇಹ ನ್ಯಾಯವಾದದ್ದು, ಮತ್ತು ಲೇಖಕರು ಅದನ್ನು ಬೇಕೆಂದೇ ಎದುರಿಗೆ ತಂದು ನಿಲ್ಲಿಸಿದ್ದಾರೆ ಎಂದು ನನಗನ್ನಿಸುತ್ತದೆ. ಅಮೀರ್ ಮೊದಲು ನಿರಾಕರಿಸುವ ಮಾತುಗಳನ್ನು ತೆಗೆದುಹಾಕಿ, ಹಸನ್ ಸತ್ತನೆಂದು ಕೇಳಿದೊಡನೆ ಅವನು ಕಾಬೂಲಿಗೆ ಹೊರಟನೆಂದು ಬರೆಯುವುದು ಲೇಖಕರಿಗೆ ಕಷ್ಟವಿರಲಿಲ್ಲ. ಹಾಗೆ ಬರೆಯದೆ, 38ರ ವಯಸ್ಸಿನಲ್ಲೂ ಅವನು ಹನ್ನೆರಡರ ಹುಡುಗನಷ್ಟೇ ಅಂಜುಬುರುಕನೆಂಬುದನ್ನು ಅವನ ಬಾಯಿಂದಲೇ ಹೇಳಿಸಿದ್ದಾರೆ. ಆದ್ದರಿಂದ ರಕ್ತಸಂಬಂಧ ಅವನನ್ನು ಹೊರಡಿಸಿತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಹೊರಡುವುದನ್ನೇ ಪ್ರಾಯಶ್ಚಿತ್ತವೆಂದು ಕಾದಂಬರಿ ಎಲ್ಲಿಯೂ ಹೇಳುವುದಿಲ್ಲ. ಅದು ಎಲ್ಲಿ ಆರಂಭವಾಗುತ್ತದೆ ಎಂದು ಹುಡುಕಿದರೆ ನನಗೆ ಕಾಣುವುದು ಬಹಳ ಓದುಗರು ಸರಸರನೆ ದಾಟಿಹೋಗುವ ಒಂದು ಪ್ರಸಂಗ: ವಾಹಿದನ ಮನೆ.

ಕಾಬೂಲಿನ ದಾರಿಯಲ್ಲಿ ಅಮೀರ್, ಅವನನ್ನು ಕರೆದೊಯ್ಯುತ್ತಿರುವ ಫರೀದನ ಅಣ್ಣ ವಾಹಿದನ ಮನೆಯಲ್ಲಿ ಒಂದು ರಾತ್ರಿ ತಂಗುತ್ತಾನೆ. ಅತಿಥಿಯೆಂದು ಅವನಿಗೆ ಊಟ ಬಡಿಸುತ್ತಾರೆ. ಮನೆಯ ಮೂವರು ಹುಡುಗರು ಅವನ ಕೈಗಡಿಯಾರದತ್ತಲೇ ಕಣ್ಣು ನೆಟ್ಟಿದ್ದಾರೆಂದು ಭಾವಿಸಿದ ಅಮೀರ್ ಅದನ್ನು ಬಿಚ್ಚಿ ಚಿಕ್ಕವನಿಗೆ ಕೊಡುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಹುಡುಗರಿಗೆ ಅದರ ಮೇಲಿನ ಆಸಕ್ತಿ ಹೋಗಿಬಿಡುತ್ತದೆ. ರಾತ್ರಿ ಗಂಡ ಹೆಂಡಿರ ಪಿಸುಮಾತು ಕಿವಿಗೆ ಬಿದ್ದಾಗ ಗೊತ್ತಾಗುವುದು, ಮಕ್ಕಳ ಪಾಲಿನ ಅನ್ನವನ್ನೇ ತನಗೆ ಬಡಿಸಿದ್ದರು, ಅವರು ನೋಡುತ್ತಿದ್ದುದು ಗಡಿಯಾರವನ್ನಲ್ಲ, ತನ್ನ ಊಟವನ್ನು ಎಂದು. ಬೆಳಿಗ್ಗೆ ಹೊರಡುವ ಮುನ್ನ, ಯಾರೂ ನೋಡದ ಹೊತ್ತಿನಲ್ಲಿ, ಅವನು ಒಂದು ಹಾಸಿಗೆಯ ಕೆಳಗೆ ಮುದುಡಿದ ನೋಟುಗಳನ್ನು ತುರುಕಿ ಬರುತ್ತಾನೆ.

ಈ ಗಡಿಯಾರವನ್ನೂ ಹಾಸಿಗೆಯ ಕೆಳಗಿನ ನೋಟುಗಳನ್ನೂ ನಾವು ಮೊದಲೇ ಕಂಡಿದ್ದೇವೆ. ಹಸನನ ಮುಖ ನೋಡಲಾರದೆ ಅವನನ್ನು ಮನೆಯಿಂದಲೇ ಹೊರಹಾಕಿಸಬೇಕೆಂದು, ತನ್ನ ಹುಟ್ಟುಹಬ್ಬಕ್ಕೆ ಬಂದ ಗಡಿಯಾರವನ್ನೂ ಒಂದಿಷ್ಟು ಹಣವನ್ನೂ ಅಮೀರ್ ಅವನ ಹಾಸಿಗೆಯ ಕೆಳಗೆ ಅಡಗಿಸಿಟ್ಟು ಕಳ್ಳತನದ ಆರೋಪ ಹೊರಿಸಿದ್ದ. ಕದ್ದೆಯಾ ಎಂದು ಬಾಬಾ ಕೇಳಿದಾಗ ಹಸನ್ ಹೌದೆಂದ. ಇಲ್ಲವೆಂದಿದ್ದರೆ ಅಮೀರ್ ಸುಳ್ಳುಗಾರನೆಂದು ಬಯಲಾಗುತ್ತಿದ್ದ. ಅದನ್ನು ತಪ್ಪಿಸಲು ಆ ಹುಡುಗ ತಾನು ಮಾಡದ ಕಳ್ಳತನವನ್ನು ತಲೆಯ ಮೇಲೆ ಹೊತ್ತುಕೊಂಡ. ಅಂದರೆ ಓಣಿಯಲ್ಲಿ ಏನಾಯಿತು, ಯಾರು ಕಂಡರು, ಯಾರು ಓಡಿದರು ಎಂಬುದೆಲ್ಲ ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಕಾಪಾಡಿದ. ಅಮೀರನ ಎದೆಯಲ್ಲಿ ಅಷ್ಟು ವರ್ಷ ಕುಳಿತಿರುವ ಮುಳ್ಳು ಓಣಿಯದ್ದಕ್ಕಿಂತ ಹೆಚ್ಚಾಗಿ ಈ ‘ಹೌದು’ ಎಂಬ ಒಂದು ಮಾತಿನದು ಎಂದು ನನ್ನ ಅಭಿಪ್ರಾಯ.

ವಾಹಿದನ ಮಕ್ಕಳು ಅಮೀರನಿಗೆ ಯಾವ ರಕ್ತಸಂಬಂಧವೂ ಇಲ್ಲದವರು, ಮತ್ತೆಂದೂ ಅವನ ಕಣ್ಣಿಗೆ ಬೀಳದವರು. ಹಿಂದೆ ಒಬ್ಬನ ಮಾನ ಕಳೆಯಲು ಮಾಡಿದ ಕೆಲಸವನ್ನೇ ಇಲ್ಲಿ ಅವನು ಹಸಿದವರಿಗಾಗಿ ಮಾಡುತ್ತಾನೆ, ಅದೂ ಯಾರಿಗೂ ತಿಳಿಯದಂತೆ. ತಮ್ಮ ಪ್ರಶ್ನೆಗೆ ಕಾದಂಬರಿಯ ಒಳಗಿನಿಂದ ಉತ್ತರ ಇದ್ದರೆ ಅದು ಇದೇ ಎಂದು ನಾನು ತಿಳಿಯುತ್ತೇನೆ.

ಇನ್ನು ತಾಲಿಬಾನ್ ನಾಯಕನಾಗಿ ಸೊಹ್ರಾಬನನ್ನು ತನ್ನ ವಶದಲ್ಲಿಟ್ಟುಕೊಂಡಿದ್ದ ಆಸೆಫನ ಎದುರಿನ ಹೊಡೆದಾಟವನ್ನು ಬಹಳ ಮಂದಿ ಪ್ರಾಯಶ್ಚಿತ್ತದ ಶಿಖರವೆಂದು ಕರೆಯುತ್ತಾರೆ. ನನಗೆ ಅದು ಹಾಗೆ ಕಂಡಿಲ್ಲ. ಪಕ್ಕೆಲುಬು ಮುರಿದು, ಮೇಲ್ತುಟಿ ಹಸನನ ಸೀಳುತುಟಿಯಂತೆಯೇ ನಡುವೆ ಸೀಳಿಹೋಗುವಷ್ಟು ಏಟು ತಿನ್ನುತ್ತಿರುವಾಗ ಅಮೀರ್ ನಗುತ್ತಾನೆ, ಗುಣವಾದಂತೆ ಅನ್ನಿಸಿತು ಎನ್ನುತ್ತಾನೆ. ಆದರೆ ಏಟು ತಿನ್ನುವ ಈ ಹಂಬಲ ಹೊಸದಲ್ಲ. ಬಾಲ್ಯದಲ್ಲಿ ಗುಡ್ಡದ ಮೇಲಿನ ದಾಳಿಂಬೆ ಮರದ ಬಳಿ ಹಸನನ ಮೈಮೇಲೆ ಹಣ್ಣು ಎಸೆಯುತ್ತಾ, ನನಗೂ ತಿರುಗಿಸಿ ಹೊಡಿ ಎಂದು ಅಂಗಲಾಚಿದ್ದು ಇದೇ ಅಮೀರ್. ಹಸನ್ ಹೊಡೆಯಲಿಲ್ಲ, ಹಣ್ಣೊಂದನ್ನು ತನ್ನ ಹಣೆಗೇ ಅಪ್ಪಳಿಸಿಕೊಂಡು, ಈಗ ಸಮಾಧಾನವಾಯಿತೇ ಎಂದು ಕೇಳಿ ಇಳಿದುಹೋದ. ಶಿಕ್ಷೆ ಸಿಕ್ಕರೆ ತಪ್ಪಿತಸ್ಥನ ಮನಸ್ಸು ಹಗುರವಾಗುತ್ತದೆ ನಿಜ. ಅದರಿಂದ ನೊಂದವನಿಗೆ ಏನೂ ದಕ್ಕುವುದಿಲ್ಲ. ಆ ಕೋಣೆಯಲ್ಲಿ ಕೂಡ ಅಮೀರನ ಏಟುಗಳಿಂದ ಸೊಹ್ರಾಬ್ ಬಿಡುಗಡೆಯಾಗಲಿಲ್ಲ. ಹುಡುಗನೇ ಕವಣೆ ಎತ್ತಿ ಆಸೆಫನ ಕಣ್ಣಿಗೆ ಗುರಿಯಿಟ್ಟು ಇಬ್ಬರನ್ನೂ ಬಿಡಿಸಬೇಕಾಯಿತು.

ಉತ್ತರ — ಶರಾವತಿ ತೀರ

ಪ್ರಶ್ನೆಯನ್ನು ಓದಿದೊಡನೆ ನನಗೆ ನೆನಪಾದದ್ದು ಕರ್ಣ. ಕೌಮಾರದ ರಂಗಪ್ರದರ್ಶನದಲ್ಲಿ ಭೀಮ ಅವನನ್ನು ಸೂತಪುತ್ರನೆಂದು ಜರೆದು, ನಿನ್ನ ಕೈಗೆ ಚಾಟಿಯೇ ಸರಿ ಎಂದ. ಯುದ್ಧ ಮುಗಿದು, ಸತ್ತವರಿಗೆ ಗಂಗೆಯಲ್ಲಿ ತರ್ಪಣ ಬಿಡುವ ಹೊತ್ತಿಗೆ, ಅವನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ ಎಂದು ಕುಂತಿ ಹೇಳಿದಾಗ ಯುಧಿಷ್ಠಿರ ನೆಲಕ್ಕೆ ಕುಸಿಯುತ್ತಾನೆ. ಕಾದಂಬರಿಯಲ್ಲೂ ಗುಟ್ಟು ತಿಳಿಯುವುದು ಹಸನ್ ಸತ್ತ ಮೇಲೆ. ಎರಡೂ ಕಡೆ ನನ್ನನ್ನು ಕಾಡುವುದು ಒಂದೇ ವಿಷಯ. ದುಃಖ ಬರಬೇಕಾದರೆ ಸತ್ತವನು ನಮ್ಮವನೇ ಆಗಿರಬೇಕೇ?

ಆದರೆ ಕಾದಂಬರಿಯ ಗುಟ್ಟು ಅಮೀರನನ್ನು ಹಸನನಿಗೆ ಹತ್ತಿರ ತರುವುದಕ್ಕಿಂತ ಹೆಚ್ಚಾಗಿ ಬಾಬಾನ ಪೀಠವನ್ನು ಅಲುಗಾಡಿಸುತ್ತದೆ ಎಂಬುದನ್ನು ಮರೆಯಬಾರದು. ಲೋಕದಲ್ಲಿ ಪಾಪವೆಂಬುದು ಒಂದೇ, ಅದು ಕಳ್ಳತನ, ಮಿಕ್ಕದ್ದೆಲ್ಲ ಅದರ ರೂಪಗಳು ಎಂದು ಮಗನಿಗೆ ಬೋಧಿಸಿದವನು ಬಾಬಾ. ಸುಳ್ಳು ಹೇಳುವವನು ಮತ್ತೊಬ್ಬನಿಗೆ ಸೇರಬೇಕಾದ ನಿಜವನ್ನು ಕದಿಯುತ್ತಾನೆ ಎಂಬುದು ಅವನ ತರ್ಕ. ಆ ತರ್ಕದಂತೆ ಲೆಕ್ಕ ಹಾಕಿದರೆ ಹಸನನಿಂದ ತಂದೆಯನ್ನೂ, ಅಮೀರನಿಂದ ತಮ್ಮನನ್ನೂ, ಅಲಿಯಿಂದ ಮರ್ಯಾದೆಯನ್ನೂ ಕದ್ದವನು ಅವನೇ. ಅವನು ಅನಾಥಾಲಯ ಕಟ್ಟಿಸಿದ್ದು, ಬಡವರ ಕೈಗೆ ಹಣ ಹಾಕಿದ್ದು, ಹಸನನ ಸೀಳುತುಟಿಗೆ ಶಸ್ತ್ರಚಿಕಿತ್ಸೆ ಮಾಡಿಸಿದ್ದು, ಅಲಿ ಮಗನನ್ನು ಕರೆದುಕೊಂಡು ಮನೆ ಬಿಟ್ಟು ಹೊರಟಾಗ ಅತ್ತದ್ದು, ಇವೆಲ್ಲ ಮತ್ತೆ ಓದಿದಾಗ ಬೇರೆಯೇ ಅರ್ಥ ಕೊಡುತ್ತವೆ. ತಪ್ಪಿನ ಅರಿವು ಒಳ್ಳೆಯ ಕೆಲಸದತ್ತ ನಡೆಸಿದಾಗ ಅದೇ ನಿಜವಾದ ಬಿಡುಗಡೆ ಎಂಬರ್ಥದ ಮಾತನ್ನು ರಹೀಮ್ ಖಾನ್ ತನ್ನ ಪತ್ರದಲ್ಲಿ ಬಾಬಾನನ್ನು ಕುರಿತೇ ಬರೆಯುತ್ತಾನೆ.

ನನಗೆ ಈ ಮಾತಿನ ಬಗ್ಗೆ ಪೂರ್ತಿ ಒಪ್ಪಿಗೆಯಿಲ್ಲ. ಬಾಬಾ ಊರಿಗೆಲ್ಲ ಉಪಕಾರ ಮಾಡಿದ, ಆದರೆ ಹೇಳಬೇಕಾದವನಿಗೆ ಹೇಳಬೇಕಾದ್ದನ್ನು ಕೊನೆಯ ಉಸಿರಿನವರೆಗೂ ಹೇಳಲಿಲ್ಲ. ಅಮೀರ್ ಇಲ್ಲಿ ತಂದೆಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಇಸ್ಲಾಮಾಬಾದಿನಿಂದ ಫೋನಿನಲ್ಲಿ ಹೆಂಡತಿ ಸೊರಾಯಾಳಿಗೆ ಎಲ್ಲವನ್ನೂ ಹೇಳುತ್ತಾನೆ. ಆಕೆ ತನ್ನ ಹಳೆಯ ಬದುಕನ್ನು ಮದುವೆಗೆ ಮುಂಚೆಯೇ ಅವನ ಮುಂದೆ ಬಿಚ್ಚಿಟ್ಟಿದ್ದಳು. ಅವನಿಗೆ ಆ ಧೈರ್ಯ ಬರಲು ಹದಿನೈದು ವರ್ಷಗಳಷ್ಟು ಸಂಸಾರ ಬೇಕಾಯಿತು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಮನೆಯಲ್ಲಿ, ಊಟದ ಮೇಜಿನ ಮುಂದೆ, ಮಾವ ಜನರಲ್ ತಾಹೆರಿ ಹಜಾರಾ ಹುಡುಗನೊಬ್ಬ ಈ ಮನೆಯಲ್ಲಿ ಏಕಿದ್ದಾನೆಂದು ಜನ ಕೇಳಿದರೆ ಏನು ಹೇಳಲಿ ಎಂದಾಗ, ತನ್ನ ತಂದೆಗೆ ಆಳಿನ ಹೆಂಡತಿಯಲ್ಲಿ ಹುಟ್ಟಿದ ಮಗ ಹಸನ್, ಇವನು ಹಸನನ ಮಗ, ಹಾಗೆಂದೇ ಜನಕ್ಕೆ ಹೇಳಿ ಎನ್ನುತ್ತಾನೆ. ನನ್ನ ಎದುರಿಗೆ ಇನ್ನೆಂದೂ ಅವನನ್ನು ಹಜಾರಾ ಹುಡುಗ ಎನ್ನಬೇಡಿ, ಅವನಿಗೊಂದು ಹೆಸರಿದೆ ಎಂದೂ ಸೇರಿಸುತ್ತಾನೆ. ಮಾನವೇ ಪ್ರಾಣವೆಂದು ತಿಳಿದ ಪಶ್ತೂನ್ ಮನೆತನದಲ್ಲಿ ಸತ್ತ ತಂದೆಯ ಹೆಸರನ್ನು ಹೀಗೆ ಪಣಕ್ಕಿಡುವುದು ಸಣ್ಣ ಮಾತಲ್ಲ.

ಉತ್ತರ — ಬರೀ ಓದುಗ

ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ಆದರೂ ಒಂದು ಆಕ್ಷೇಪವನ್ನು ದಾಖಲಿಸಬೇಕು. ಇಡೀ ಚರ್ಚೆ ಅಮೀರ್ ಪಾರಾದನೇ ಇಲ್ಲವೇ ಎಂಬುದರ ಸುತ್ತಲೇ ಸುತ್ತುತ್ತಿದೆ, ಏಕೆಂದರೆ ಕಾದಂಬರಿಯೂ ಹಾಗೆಯೇ ಸುತ್ತುತ್ತದೆ. ಹಸನನಿಗೆ ಕೋಪವಿಲ್ಲ, ದೂರಿಲ್ಲ, ತನ್ನದೇ ಒಂದು ಆಸೆಯೂ ಕಾಣುವುದಿಲ್ಲ. ಅವನ ದನಿ ನಮಗೆ ನೇರವಾಗಿ ಕೇಳುವುದು ಒಂದು ಪತ್ರದಲ್ಲಿ ಮಾತ್ರ; ಅದರಲ್ಲೂ ಹಳೆಯ ಗೆಳೆಯನ ಮೇಲಿನ ಅಕ್ಕರೆಯೇ ತುಂಬಿದೆ. ಅಮೀರನ ಮನೆಯನ್ನು ಕಾಯುತ್ತಿದ್ದಾಗಲೇ ಅವನು ಸಾಯುತ್ತಾನೆ. ಕೊಂದವರೂ ಅವನನ್ನು ಕಳ್ಳನೆಂದೇ ಕರೆಯುತ್ತಾರೆ.

1890ರ ದಶಕದಲ್ಲಿ ಅಮೀರ್ ಅಬ್ದುರ್ ರಹಮಾನ್ ಖಾನನ ಸೇನೆ ಹಜಾರಾಗಳನ್ನು ಸದೆಬಡಿದು, ನೆಲ ಕಸಿದು, ಅನೇಕರನ್ನು ಗುಲಾಮರನ್ನಾಗಿ ಮಾರಿದ್ದು ಚರಿತ್ರೆ. 1998ರ ಆಗಸ್ಟಿನಲ್ಲಿ ಮಜಾರ್-ಎ-ಷರೀಫ್‌ನಲ್ಲಿ ನಡೆದ ಹತ್ಯಾಕಾಂಡವೂ ಚರಿತ್ರೆಯೇ. ಇಷ್ಟು ದೊಡ್ಡ ನೋವನ್ನು ಹಿನ್ನೆಲೆಯಲ್ಲಿ ಇಟ್ಟುಕೊಂಡ ಕೃತಿಯಲ್ಲಿ ಹಜಾರಾ ಮನುಷ್ಯನೊಬ್ಬ ಪಶ್ತೂನ್ ಗೆಳೆಯನ ಆತ್ಮಶುದ್ಧಿಗೆ ಮೆಟ್ಟಿಲಾಗಿ ಮಾತ್ರ ಉಳಿಯುವುದು ನನಗೆ ಸಹಿಸಲಾಗದ ಸಂಗತಿ. ಜನರಲ್ಲಿನ ಎದುರು ಆಡಿದ ಆ ದಿಟ್ಟ ಮಾತಿನಲ್ಲೂ ಹುಡುಗ ಗೌರವಕ್ಕೆ ಅರ್ಹನಾಗುವುದು ನಮ್ಮ ವಂಶದವನು ಎಂಬ ಕಾರಣಕ್ಕೇ ಅಲ್ಲವೇ? ಪ್ರಶ್ನೆ ಕೇಳಿದವರ ಸಂದೇಹ ನನ್ನ ಮಟ್ಟಿಗೆ ಇನ್ನೂ ಹಾಗೆಯೇ ನಿಂತಿದೆ.

ಉತ್ತರ — ಪಾಠಶಾಲೆ

ಬರೀ ಓದುಗ ಅವರ ಆಕ್ಷೇಪ ಹಸನನ ಮಟ್ಟಿಗೆ ಸರಿ. ಸೊಹ್ರಾಬನ ಮಟ್ಟಿಗೆ ಅದನ್ನು ಒಪ್ಪಲಾರೆ. ಹಲವು ವರ್ಷ ಶಾಲಾ ಮಕ್ಕಳ ನಡುವೆ ಕಳೆದಿರುವ ನನಗೆ ಈ ಕಾದಂಬರಿಯ ಅತ್ಯಂತ ನಿಜವಾದ ಪುಟಗಳು ಇಸ್ಲಾಮಾಬಾದಿನವು.

ಫೈಸಲ್ ಮಸೀದಿಯ ಬಳಿ ಕುಳಿತ ಹುಡುಗ ಅಮೀರನನ್ನು ಕೇಳುತ್ತಾನೆ: ಆ ಮನುಷ್ಯನಿಗೆ ನಾನು ಮಾಡಿದ್ದಕ್ಕೆ ದೇವರು ನನ್ನನ್ನು ನರಕಕ್ಕೆ ಹಾಕುತ್ತಾನೆಯೇ? ತಂದೆತಾಯಿಯನ್ನು ಕಳೆದುಕೊಂಡು, ಆಸೆಫನ ಮನೆಯಲ್ಲಿ ಹೇಳಬಾರದ್ದನ್ನು ಅನುಭವಿಸಿ, ಕೊನೆಗೆ ತನ್ನನ್ನೂ ಅಮೀರನನ್ನೂ ಉಳಿಸಲು ಕವಣೆ ಎತ್ತಿದ ಮಗು ತಾನು ಕೊಳಕಾಗಿದ್ದೇನೆ, ಪಾಪದಿಂದ ತುಂಬಿದ್ದೇನೆ ಎನ್ನುತ್ತದೆ. ಸತ್ತ ತಂದೆತಾಯಿ ತನ್ನನ್ನು ಹೀಗೆ ನೋಡದಿರುವುದೇ ಒಳ್ಳೆಯದೆಂದುಕೊಳ್ಳುತ್ತದೆ. ನೊಂದ ಮಕ್ಕಳು ಹೀಗೆಯೇ ಯೋಚಿಸುತ್ತಾರೆ ಎಂಬುದನ್ನು ಅವರ ಜೊತೆ ಒಡನಾಡಿದ ಯಾರೂ ಬಲ್ಲರು. ತಪ್ಪು ಮಾಡಿದ ದೊಡ್ಡವನು ತನ್ನ ಅಪರಾಧಕ್ಕೆ 26 ವರ್ಷ ಬೆನ್ನು ಹಾಕಿ ಬದುಕಿದ. ಏನೂ ತಪ್ಪು ಮಾಡದ ಮಗು ಅಪರಾಧವನ್ನು ಮೈಯ ಕೊಳೆಯೆಂಬಂತೆ ಹೊತ್ತು ದಿನವೂ ಗಂಟೆಗಟ್ಟಲೆ ಸ್ನಾನದ ತೊಟ್ಟಿಯಲ್ಲಿ ಕುಳಿತಿರುತ್ತದೆ.

ಇಂಥ ಮಗುವಿಗೆ ಅಮೀರ್ ಮತ್ತೆ ಅನಾಥಾಲಯಕ್ಕೆ ಕಳುಹಿಸುವುದಿಲ್ಲವೆಂದು ಮಾತು ಕೊಟ್ಟು, ವೀಸಾದ ತೊಡಕಿನಿಂದ ಆ ಮಾತನ್ನು ಹಿಂತೆಗೆದುಕೊಳ್ಳುವ ಪ್ರಸ್ತಾಪ ಮಾಡುತ್ತಾನೆ. ದುರುದ್ದೇಶವಿಲ್ಲ, ವಕೀಲನ ಸಲಹೆಯೂ ಇದೆ. ಆದರೂ ಅದು ಅವನ ಎರಡನೆಯ ದ್ರೋಹ. ಹುಡುಗ ಸಾವಿನ ಅಂಚಿಗೆ ಹೋಗಿ ಬರುತ್ತಾನೆ, ಆಮೇಲೆ ಮಾತೇ ನಿಲ್ಲಿಸಿಬಿಡುತ್ತಾನೆ. ಪ್ರಾಯಶ್ಚಿತ್ತದ ನಿಜವಾದ ಪರೀಕ್ಷೆ ನನಗೆ ಕಾಣುವುದು ಇಲ್ಲಿಂದ ಮುಂದೆ. ಏಟು ತಿನ್ನುವುದಕ್ಕೆ ಕೆಲವು ನಿಮಿಷ ಸಾಕು. ಮಾತನಾಡದ, ನಗದ, ತನ್ನನ್ನು ಕ್ಷಮಿಸದ ಮಗುವಿನ ಜೊತೆ ತಿಂಗಳುಗಟ್ಟಲೆ ಒಂದೇ ಮನೆಯಲ್ಲಿ, ಏನನ್ನೂ ಬೇಡದೆ ಇರುವುದಕ್ಕೆ ಬೇರೆಯೇ ಬಗೆಯ ಗಟ್ಟಿತನ ಬೇಕು. ಹಸನನಿಂದ ಅವನಿಗೆ ಪುಕ್ಕಟೆಯಾಗಿ ಸಿಕ್ಕ ಕ್ಷಮೆ ಸೊಹ್ರಾಬನಿಂದ ಸಿಗುವುದಿಲ್ಲ. ಹಸನನಿಗೆ ಇಲ್ಲದ ನಿರಾಕರಿಸುವ ಶಕ್ತಿಯನ್ನು ಲೇಖಕರು ಅವನ ಮಗನಿಗೆ ಕೊಟ್ಟಿದ್ದಾರೆ, ಆ ಮೌನದ ರೂಪದಲ್ಲಿ.

2002ರ ಮಾರ್ಚಿನಲ್ಲಿ ಫ್ರೀಮಾಂಟಿನ ಉದ್ಯಾನದಲ್ಲಿ ಗಾಳಿಪಟ ಹಾರಿಸುವಾಗ ಹುಡುಗನ ತುಟಿಯ ಒಂದು ಕೊನೆಯಲ್ಲಿ ನಗುವೊಂದು ಮೂಡಿ ಮಾಯವಾಗುತ್ತದೆ. ಇದರಿಂದ ಎಲ್ಲವೂ ಸರಿಹೋಗಲಿಲ್ಲವೆಂದು ಅಮೀರನೇ ಹೇಳುತ್ತಾನೆ. ಆ ಮಿತಿಯನ್ನು ಲೇಖಕರು ಕಾಯ್ದುಕೊಂಡಿದ್ದಾರೆ ಎಂಬುದಕ್ಕಾಗಿಯೇ ನಾನು ಈ ಕೃತಿಯನ್ನು ಗೌರವಿಸುತ್ತೇನೆ, ಆಸೆಫನೇ ತಾಲಿಬಾನ್ ನಾಯಕನಾಗಿ ಮರಳಿ ಬರುವಂಥ ಕಥೆಯ ಅನುಕೂಲಗಳು ನನಗೆ ಸ್ವಲ್ಪವೂ ಹಿಡಿಸದಿದ್ದರೂ.

ಮರುಉತ್ತರ — ಸಂಜೆಯ ಓದು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ವಾಹಿದನ ಮನೆಯ ಪ್ರಸಂಗ ನಮ್ಮ ಬಳಗದ ಚರ್ಚೆಯಲ್ಲಿ ಬಂದಿರಲೇ ಇಲ್ಲ. ಅಮೀರ್ ಹೊರಟ ಕಾರಣವನ್ನೂ ದಾರಿಯಲ್ಲಿ ಅವನು ಆಗುತ್ತಾ ಹೋದದ್ದನ್ನೂ ಬೇರೆಬೇರೆಯಾಗಿ ನೋಡಬೇಕೆಂಬುದು ನನಗೀಗ ಸ್ಪಷ್ಟವಾಗಿದೆ. ಹಸನನಿಗೆ ದನಿಯಿಲ್ಲವೆಂಬ ಮಾತಿಗೆ ಮಾತ್ರ ನನ್ನ ಬಳಿ ಉತ್ತರವಿಲ್ಲ, ಅದು ಕೃತಿಯ ಕೊರತೆಯೆಂದೇ ನಾನೂ ಭಾವಿಸುತ್ತೇನೆ. ಮುಂದಿನ ಸಭೆಯಲ್ಲಿ ವಾಹಿದನ ಮನೆಯ ಭಾಗವನ್ನೂ ಇಸ್ಲಾಮಾಬಾದಿನ ಭಾಗವನ್ನೂ ಒಂದರ ನಂತರ ಒಂದು ಗಟ್ಟಿಯಾಗಿ ಓದಿಸಿ, ರಹೀಮ್ ಖಾನನ ಬಗ್ಗೆ ಚರ್ಚೆ ಮಾಡಿಸಬೇಕೆಂದಿದ್ದೇನೆ. ಹುಡುಗನನ್ನು ನೋಡಿಕೊಳ್ಳಲು ಪೇಶಾವರದಲ್ಲಿ ಅಮೆರಿಕನ್ ದಂಪತಿಗಳಿದ್ದಾರೆಂದು ಅವನು ಹೇಳಿದ್ದು ಸುಳ್ಳು. ಅಂಥವರು ಯಾರೂ ಇರಲಿಲ್ಲ. ಒಬ್ಬನನ್ನು ಒಳ್ಳೆಯ ದಾರಿಗೆ ತರಲು ಸುಳ್ಳು ಹೇಳಿದ ಆ ಮುದುಕನನ್ನು, ಬಾಬಾನ ತರ್ಕದಂತೆ, ಕಳ್ಳನೆನ್ನಬೇಕೇ ಎಂಬುದರ ಬಗ್ಗೆ ತಮಗೆ ಏನನ್ನಿಸುತ್ತದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.